ಮೋಡದಲ್ಲಿಟ್ಟ ಮನೆಪೆಟ್ಟಿಗೆ: ಕೀಲಿ ಯಾರ ಬಳಿ?

ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳ ಕಡೆಗೆ ಹೊರಟವರಿಗೆ ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಂತೆಮರಹಳ್ಳಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಒಂದೇ ಒಂದು ಮತದ ಅಂತರದಿಂದ ಗೆದ್ದ ಕ್ಷೇತ್ರವೆಂದು ರಾಜ್ಯದ ಓದುಗರಿಗೆ ಈ ಊರಿನ ಹೆಸರು ನೆನಪಿದ್ದೀತು. 2008ರ ಪುನರ್ವಿಂಗಡಣೆಯ ನಂತರ ಆ ಹೆಸರಿನ ಕ್ಷೇತ್ರವೇ ಇಲ್ಲ. ಇಂದು ಸಂತೆಮರಹಳ್ಳಿಯ ಪ್ರಸ್ತಾಪ ಬಂದಿರುವುದು ರಾಜಕೀಯದ ಕಾರಣಕ್ಕಲ್ಲ, ಮಾಹಿತಿ ತಂತ್ರಜ್ಞಾನದ ಕಾರಣಕ್ಕೆ.

ಇಂಥ ಹೋಬಳಿ ಕೇಂದ್ರದ ನಾಡಕಚೇರಿಯಲ್ಲಿ ಜಾತಿ ಅಥವಾ ಆದಾಯ ಪ್ರಮಾಣಪತ್ರ ಪಡೆದವರು ಕೈಗೆ ಬಂದ ಹಾಳೆಯನ್ನು ಒಮ್ಮೆ ಗಮನಿಸಬೇಕು. ಅದರ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯೊಂದಿರುತ್ತದೆ. ಹಾಳೆ ಹರಿದುಹೋದರೂ ಮಳೆಯಲ್ಲಿ ನೆನೆದರೂ ದಿಗಿಲು ಬೀಳಬೇಕಿಲ್ಲ; ಸಂಖ್ಯೆ ಗೊತ್ತಿದ್ದರೆ ಪ್ರಮಾಣಪತ್ರದ ನೈಜತೆಯನ್ನು ಎಲ್ಲಿಂದ ಬೇಕಾದರೂ ಪರಿಶೀಲಿಸಬಹುದು. ಏಕೆಂದರೆ ಅಸಲು ದಾಖಲೆ ಆ ಕಚೇರಿಯ ಬೀರುವಿನಲ್ಲಿಲ್ಲ, ದೂರದಲ್ಲೆಲ್ಲೋ ಇರುವ ಸರ್ವರ್‌ನಲ್ಲಿದೆ. ಕ್ಲೌಡ್ ಕಂಪ್ಯೂಟಿಂಗ್ ಎಂಬ ಪದವನ್ನು ಕೇಳಿರದ ರೈತನೂ ಹೀಗೆ ಅದರ ಮೂಲತತ್ತ್ವದ ಬಳಕೆದಾರನಾಗಿದ್ದಾನೆ.

ಏನಿದು ಮೋಡ? ಹೆಸರು ಕಾವ್ಯಮಯವಾಗಿದ್ದರೂ ವಸ್ತು ನೆಲದ ಮೇಲಿನದೇ. ಸಾವಿರಾರು ಕಂಪ್ಯೂಟರ್‌ಗಳನ್ನು ಸಾಲಾಗಿ ಜೋಡಿಸಿ, ಹವಾನಿಯಂತ್ರಿಸಿ, ಎಡೆಬಿಡದೆ ವಿದ್ಯುತ್ ಒದಗಿಸುವ ಬೃಹತ್ ಕಟ್ಟಡಗಳಿಗೆ ದತ್ತಾಂಶ ಕೇಂದ್ರಗಳೆನ್ನುತ್ತಾರೆ. ಮುಂಬಯಿ, ಚೆನ್ನೈ, ಹೈದರಾಬಾದ್‌ಗಳಲ್ಲಿ ಇಂಥವು ಅನೇಕ ಇವೆ. ನಮ್ಮ ಕಡತಗಳನ್ನು ಅಲ್ಲಿರುವ ಯಂತ್ರಗಳಲ್ಲಿಟ್ಟು, ಬೇಕೆಂದಾಗ ಅಂತರ್ಜಾಲದ ಮೂಲಕ ತರಿಸಿಕೊಳ್ಳುವ ವ್ಯವಸ್ಥೆಯೇ ಕ್ಲೌಡ್. ಇನ್ನೊಬ್ಬರ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವುದು ಎಂದರೂ ತಪ್ಪಾಗದು. ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬದ ಕಾಗದಪತ್ರ, ಛಾಯಾಚಿತ್ರ, ಪತ್ರವ್ಯವಹಾರಗಳೆಲ್ಲ ಒಂದೆಡೆ ಸೇರಿ, ಫೋನಿನಿಂದಲೋ ಕಂಪ್ಯೂಟರಿನಿಂದಲೋ ತೆರೆಯುವಂತಿದ್ದರೆ ಅದು ವೈಯಕ್ತಿಕ ಕ್ಲೌಡ್.

ಇದು ದಿಢೀರನೆ ಬಂದದ್ದಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಸಂಗಡಿಗನೊಂದಿಗೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್, ಅಂಚೆಯನ್ನು ನಮ್ಮ ಯಂತ್ರದಿಂದ ಬಿಡಿಸಿ ಜಾಲಕ್ಕೆ ಕೊಂಡೊಯ್ದಿತು. 2004ರಲ್ಲಿ ಜಿಮೇಲ್ ಪ್ರತಿಯೊಬ್ಬರಿಗೂ 1 ಜಿಬಿ ಜಾಗ ಕೊಡುತ್ತೇನೆಂದಾಗ, ಏಪ್ರಿಲ್ 1ರ ಘೋಷಣೆಯಾದ್ದರಿಂದ, ಅನೇಕರು ಅದನ್ನು ಮೂರ್ಖರ ದಿನದ ತಮಾಷೆಯೆಂದೇ ಭಾವಿಸಿದ್ದರು. 2006ರಲ್ಲಿ ಅಮೆಜಾನ್ ಸಂಗ್ರಹಸ್ಥಳವನ್ನು ಬಾಡಿಗೆಗೆ ಕೊಡತೊಡಗಿತು. ಡ್ರಾಪ್‌ಬಾಕ್ಸ್, ಐಕ್ಲೌಡ್, ಗೂಗಲ್ ಡ್ರೈವ್ ಅದರ ಬೆನ್ನಿಗೇ ಬಂದವು.

ಟ್ರಂಕಿನಿಂದ ಸರ್ವರ್‌ಗೆ

ಕರ್ನಾಟಕದ ಮಟ್ಟಿಗೆ ಈ ಕಥೆಯ ಮುಖ್ಯ ಅಧ್ಯಾಯ ಆರಂಭವಾದದ್ದು ಹೊಲಗದ್ದೆಗಳಲ್ಲಿ. ಪಹಣಿ ಎಂದರೆ ರೈತನ ಪಾಲಿಗೆ ಬರಿಯ ಕಾಗದವಲ್ಲ. ಸಾಲಕ್ಕೂ ಪಾಲಿಗೂ ನ್ಯಾಯಾಲಯಕ್ಕೂ ಅದೇ ಆಧಾರ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರದೇ ಸುಪರ್ದಿನಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಪುಸ್ತಕ ಅವರಲ್ಲಿ, ಅವರು ಸಿಕ್ಕಾಗ ನಕಲು. ಪುಸ್ತಕದಲ್ಲಿ ಯಾರು ಯಾವಾಗ ಏನು ತಿದ್ದಿದರೆಂದು ರೈತನಿಗೆ ತಿಳಿಯುವ ದಾರಿಯೇ ಇರಲಿಲ್ಲ.

‘ಭೂಮಿ’ ಯೋಜನೆ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿತು. 177 ತಾಲ್ಲೂಕುಗಳು, 67 ಲಕ್ಷ ರೈತರು, ಸುಮಾರು 2 ಕೋಟಿ ದಾಖಲೆಗಳು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರು ಈ ಕೆಲಸದೊಂದಿಗೆ ಬೆಸೆದುಕೊಂಡಿದೆ. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುವಂತಾದದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯೇನಾಗಿರಲಿಲ್ಲ. ಗುಂಡ್ಲುಪೇಟೆಯ ರೈತನೂ ಬೀದರದ ರೈತನೂ ಒಂದೇ ಬಗೆಯ ಕಿಟಕಿಯ ಮುಂದೆ ನಿಂತರು.

ಭೂಮಿಯ ಅನುಭವ ಇನ್ನೊಂದನ್ನೂ ತೋರಿಸಿಕೊಟ್ಟಿತು. ಕೈಬರಹದಿಂದ ಕಂಪ್ಯೂಟರಿಗೆ ಏರುವಾಗ ಹೆಸರಿನಲ್ಲೊಂದು ಅಕ್ಷರ ತಪ್ಪಿದ್ದರೆ, ವಿಸ್ತೀರ್ಣದಲ್ಲಿ ಒಂದು ಗುಂಟೆ ವ್ಯತ್ಯಾಸವಾಗಿದ್ದರೆ, ತಿದ್ದುಪಡಿಗಾಗಿ ಕಚೇರಿ ಅಲೆಯಬೇಕಾದವನು ರೈತನೇ. ದಾಖಲೆ ಸುಲಭವಾಗಿ ಸಿಗುವುದು ಬೇರೆ, ಅದರ ಮೇಲೆ ನಮಗೆ ಹಿಡಿತವಿರುವುದು ಬೇರೆ. ಕ್ಲೌಡ್ ಕುರಿತ ಚರ್ಚೆಗಳಲ್ಲಿ ಜಾಗ ಎಷ್ಟು, ಬೆಲೆ ಎಷ್ಟು ಎಂಬುದೇ ಮುಂದೆ ಬಂದು ಈ ವ್ಯತ್ಯಾಸ ಮರೆಯಾಗುತ್ತದೆ. ಸಾಮಾನ್ಯ ಬಳಕೆದಾರನ ನಿಜವಾದ ಪ್ರಶ್ನೆ ಜಾಗದ್ದಲ್ಲ, ಕೀಲಿಯದು.

ಬೆಂಗಳೂರು ಕಂಡ ಮತ್ತೊಂದು ದಾರಿ

ಹೆಚ್ಚುಕಡಿಮೆ ಇದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿಯನ್ನು ತೋರಿಸಿದಾಗ ದೇಶವಿದೇಶದ ಪತ್ರಿಕೆಗಳು ಕೊಂಡಾಡಿದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ‘ಅಮಿಡಾ’ ಹೆಸರಿನಿಂದ ಮಾರುಕಟ್ಟೆಗೂ ಬಂತು. ನಿರೀಕ್ಷಿಸಿದ ಮಟ್ಟಕ್ಕೆ ಮಾರಾಟವಾಗಲಿಲ್ಲ. ಮೊಬೈಲ್ ಫೋನಿನ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಆದರೆ ಅದರ ಹಿಂದಿದ್ದ ಒಂದು ಆಲೋಚನೆಯನ್ನು ಇಂದು ಮತ್ತೆ ನೆನೆಯಬೇಕಾಗಿದೆ. ಪ್ರತಿ ಮನೆಗೂ ಕಂಪ್ಯೂಟರ್ ಕೊಡಿಸಲಾಗದು, ಊರಿಗೊಂದು ಸಿಂಪ್ಯೂಟರ್ ಇರಲಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸ್ಮಾರ್ಟ್ ಕಾರ್ಡ್ ಇರಲಿ. ಕಾರ್ಡ್ ತೂರಿಸಿದಾಗ ಆ ಯಂತ್ರ ಅವರದು, ಹೊರತೆಗೆದರೆ ಅವರ ಮಾಹಿತಿ ಅವರ ಜೇಬಿನಲ್ಲಿ. ಯಂತ್ರ ಸಾರ್ವಜನಿಕ, ಮಾಹಿತಿ ಖಾಸಗಿ! ಮುಂದೆ ಬಂದ ಕ್ಲೌಡ್ ಇದನ್ನು ತಲೆಕೆಳಗು ಮಾಡಿತು. ಯಂತ್ರ ನಮ್ಮ ಜೇಬಿಗೆ ಬಂತು, ಮಾಹಿತಿ ಬೇರೊಬ್ಬರ ಉಗ್ರಾಣಕ್ಕೆ ಹೋಯಿತು.

ಸರ್ಕಾರದ ಲಾಕರ್

2015ರ ಜುಲೈನಲ್ಲಿ ಕೇಂದ್ರ ಸರ್ಕಾರ ಡಿಜಿಲಾಕರ್ ಆರಂಭಿಸಿತು. ಭಾರತದ ಸಾಮಾನ್ಯ ಪ್ರಜೆಗೆ ಸರ್ಕಾರವೇ ಕೊಟ್ಟ ವೈಯಕ್ತಿಕ ಕ್ಲೌಡ್ ಇದೆಂದು ಧಾರಾಳವಾಗಿ ಹೇಳಬಹುದು. ನಾವೇ ಏರಿಸುವ ಕಡತಗಳಿಗೆ 1 ಜಿಬಿ ಜಾಗವಿದೆ. ಅದಕ್ಕಿಂತ ಮುಖ್ಯವಾದದ್ದು ಇಲಾಖೆಗಳೇ ನೇರವಾಗಿ ಒದಗಿಸುವ ದಾಖಲೆಗಳು: ಚಾಲನಾ ಪರವಾನಗಿ, ವಾಹನ ನೋಂದಣಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಅಂಕಪಟ್ಟಿ ಮೊದಲಾದವು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2016ರಲ್ಲಿ ರೂಪಿಸಿ 2017ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಹೀಗೆ ಬಂದ ದಾಖಲೆಗೆ ಮುದ್ರಿತ ಅಸಲಿನಷ್ಟೇ ಮಾನ್ಯತೆಯಿದೆ. ನಾವೇ ಫೋಟೋ ತೆಗೆದು ಏರಿಸಿದ ಪ್ರತಿಗೆ ಆ ಮಾನ್ಯತೆಯಿಲ್ಲ. ಎಷ್ಟೋ ಜನ ಈ ಎರಡನ್ನೂ ಒಂದೇ ಎಂದು ತಿಳಿದು ಕೌಂಟರಿನ ಮುಂದೆ ವಾದಕ್ಕಿಳಿಯುತ್ತಾರೆ.

ಸರ್ಕಾರಿ ದಾಖಲೆಗಳ ಮಟ್ಟಿಗೆ ಭವಿಷ್ಯ ಸ್ಪಷ್ಟವಾಗಿದೆ ಎನ್ನಬೇಕು. ಅವು ಹುಟ್ಟುವುದೇ ಸರ್ವರ್‌ನಲ್ಲಿ. ಅಲ್ಲಿಂದಲೇ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹರಿಯುತ್ತವೆ. ಮನೆಯಲ್ಲಿ ಪ್ರತಿ ಇದೆಯೋ ಇಲ್ಲವೋ ಎಂಬುದು ಕ್ರಮೇಣ ಅಪ್ರಸ್ತುತವಾಗುತ್ತದೆ. ಇಲ್ಲಿ ಸಾಮಾನ್ಯನಿಗೆ ಲಾಭವೇ ಹೆಚ್ಚು. ತೊಡಕಿರುವುದು ಮಿಕ್ಕವುಗಳಲ್ಲಿ.

ಉಚಿತ ಜಾಗದ ಕಾಲ ಮುಗಿಯಿತು

ಮದುವೆಯ ಚಿತ್ರಗಳು, ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ತೀರಿಕೊಂಡ ತಂದೆ ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದ ಧ್ವನಿಸಂದೇಶ: ಇವನ್ನು ಮರುಮುದ್ರಿಸಿ ಕೊಡುವ ಇಲಾಖೆ ಯಾವುದೂ ಇಲ್ಲ. ಇವೆಲ್ಲ ಇರುವುದು ಖಾಸಗಿ ಕಂಪನಿಗಳ ಕ್ಲೌಡ್‌ನಲ್ಲಿ. ಗೂಗಲ್ ಫೋಟೋಸ್ 2015ರಲ್ಲಿ ಎಷ್ಟು ಚಿತ್ರಗಳನ್ನಾದರೂ ಪುಕ್ಕಟೆಯಾಗಿ ಇಟ್ಟುಕೊಳ್ಳುವುದಾಗಿ ಹೇಳಿ ಜನರನ್ನು ಕರೆಯಿತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಅಂಚೆ, ಕಡತ, ಚಿತ್ರಗಳೆಲ್ಲವೂ ಸೇರಿ 15 ಜಿಬಿ ಮಾತ್ರ ಉಚಿತವೆಂದಾಯಿತು. 2024ರ ಹೊತ್ತಿಗೆ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆಪ್ ಬ್ಯಾಕಪ್ ಕೂಡ ಅದೇ 15 ಜಿಬಿಯ ಲೆಕ್ಕಕ್ಕೆ ಸೇರಿತು. ನಿತ್ಯ ಬೆಳಗ್ಗೆ ಬರುವ ಹೂಗುಚ್ಛ, ಶುಭೋದಯ, ದೇವರ ಚಿತ್ರಗಳು ಈಗ ಮನೆಯ ಜಾಗವನ್ನು ತಿನ್ನುತ್ತವೆ ಎಂದಾಯಿತು.

ಉಚಿತವಾಗಿ ರೂಢಿ ಮಾಡಿಸಿ ಬಳಿಕ ಬಾಡಿಗೆ ಕೇಳುವುದು ವ್ಯಾಪಾರದಲ್ಲಿ ಹೊಸತೇನಲ್ಲ. 2024ರ ಆಗಸ್ಟಿನಲ್ಲಿ ರಿಲಯನ್ಸ್ ಜಿಯೋ ತನ್ನ ಗ್ರಾಹಕರಿಗೆ 100 ಜಿಬಿವರೆಗೆ ಉಚಿತ ಜಾಗ ಕೊಡುವುದಾಗಿ ಪ್ರಕಟಿಸಿತು. ಕೊಡುಗೆ ಒಳ್ಳೆಯದೇ. ಹಾಗೆಂದು ಇಪ್ಪತ್ತು ವರ್ಷ ಉಳಿಯಬೇಕಾದ ಚಿತ್ರಗಳನ್ನು ಒಂದು ಹಬ್ಬದ ಕೊಡುಗೆಯನ್ನೇ ನಂಬಿ ಇಡುವುದು ಜಾಣತನವಲ್ಲ. ಆರ್ಕುಟ್‌ನಲ್ಲಿ ಗೆಳೆಯರ ಬಳಗ ಕಟ್ಟಿಕೊಂಡಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2014ರ ಸೆಪ್ಟೆಂಬರ್ 30ರಂದು ಅದು ಬಾಗಿಲು ಮುಚ್ಚಿತು. ಮೈಸ್ಪೇಸ್ ಎಂಬ ತಾಣವಂತೂ ಸರ್ವರ್ ಸ್ಥಳಾಂತರಿಸುವಾಗ 2015ಕ್ಕೆ ಮುಂಚಿನ ಹಾಡು, ಚಿತ್ರ, ವಿಡಿಯೋಗಳನ್ನೆಲ್ಲ ಕಳೆದುಕೊಂಡಿತು. ಹೊರಜಗತ್ತಿಗೆ ಇದು ತಿಳಿದದ್ದು 2019ರಲ್ಲಿ.

ಸರ್ಕಾರಗಳೂ ಇದಕ್ಕೆ ಹೊರತಲ್ಲ. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಯಿಂದ ಬೆಂಕಿ ಹೊತ್ತಿಕೊಂಡು, ಸರ್ಕಾರಿ ನೌಕರರ ಕಡತಗಳನ್ನಿಟ್ಟಿದ್ದ ‘ಜಿ-ಡ್ರೈವ್’ ಎಂಬ ಕ್ಲೌಡ್ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟೆರಾಬೈಟ್. ಗಾತ್ರ ದೊಡ್ಡದೆಂಬ ಕಾರಣಕ್ಕೆ ಬೇರೆಡೆ ಪ್ರತಿ ಇಟ್ಟಿರಲಿಲ್ಲ! ತಂತ್ರಜ್ಞಾನದಲ್ಲಿ ಜಗತ್ತಿಗೇ ಮಾದರಿಯೆನಿಸಿದ ದೇಶದಲ್ಲಿ ನಡೆದ ಘಟನೆಯಿದು.

ಒಂದು ಸಿಮ್, ಒಂದು ಒಟಿಪಿ

ಆದರೆ ಬೆಂಕಿಗಿಂತಲೂ ಸಾಮಾನ್ಯ ಬಳಕೆದಾರನನ್ನು ಹೆಚ್ಚಾಗಿ ಕಾಡುವುದು ಇನ್ನೊಂದು ಅಪಾಯ. ಕ್ಲೌಡ್‌ನಲ್ಲಿ ಎಲ್ಲವೂ ಸುರಕ್ಷಿತವಾಗಿಯೇ ಇರುತ್ತದೆ. ನಮಗೆ ಮಾತ್ರ ಒಳಗೆ ಹೋಗಲು ಸಾಧ್ಯವಾಗುವುದಿಲ್ಲ.

ನಮ್ಮ ದೇಶದಲ್ಲಿ ಬಹುತೇಕ ಖಾತೆಗಳ ನಿಜವಾದ ಕೀಲಿ ಪಾಸ್‌ವರ್ಡ್ ಅಲ್ಲ, ಮೊಬೈಲ್ ಸಂಖ್ಯೆ. ಪಾಸ್‌ವರ್ಡ್ ಮರೆತರೆ ಒಟಿಪಿ ಬರುತ್ತದೆಂಬ ಭರವಸೆಯಲ್ಲಿ ಯಾರೂ ಅದನ್ನು ನೆನಪಿಡುವುದಿಲ್ಲ. ಡಿಜಿಲಾಕರ್ ತೆರೆಯುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಯಿಂದ; ವಾಟ್ಸ್‌ಆಪ್ ಖಾತೆ ಎಂದರೆ ಆ ಸಂಖ್ಯೆಯೇ. ಇನ್ನು ಸಂತೆಮರಹಳ್ಳಿಯ ಕಡೆಯಿಂದ ಮೈಸೂರಿಗೋ ಬೆಂಗಳೂರಿಗೋ ತಮಿಳುನಾಡಿಗೋ ದುಡಿಯಲು ಹೋದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಅಲ್ಲಿ ಅಗ್ಗದ ಯೋಜನೆಯ ಹೊಸ ಸಿಮ್ ಕೊಂಡ. ಹಳೆಯದಕ್ಕೆ ಹಣ ಹಾಕಲಿಲ್ಲ. ಪ್ರೀಪೇಯ್ಡ್ ಸಂಖ್ಯೆ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ರದ್ದುಪಡಿಸಬಹುದು. ರದ್ದಾದ ಬಳಿಕ ಕನಿಷ್ಠ 90 ದಿನ ಕಳೆದ ಮೇಲೆ ಅದೇ ಸಂಖ್ಯೆಯನ್ನು ಬೇರೊಬ್ಬರಿಗೆ ಕೊಡಬಹುದು. ಅಲ್ಲಿಗೆ ಅವನ ಪೆಟ್ಟಿಗೆಯ ಕೀಲಿ ಅಪರಿಚಿತನ ಕೈ ಸೇರಿದಂತೆಯೇ.

ಇದು ಸುಪ್ರೀಂ ಕೋರ್ಟಿನವರೆಗೂ ಹೋದ ವಿಷಯ. 2023ರ ನವೆಂಬರಿನಲ್ಲಿ ನ್ಯಾಯಾಲಯವು ಹಳೆಯ ಸಂಖ್ಯೆಗಳ ಮರುಹಂಚಿಕೆಯನ್ನು ತಡೆಯಲು ಒಪ್ಪಲಿಲ್ಲ. ಸಂಖ್ಯೆ ಬಿಡುವ ಮುನ್ನ ತನ್ನ ಮಾಹಿತಿಯನ್ನು ಕಾಪಾಡಿಕೊಳ್ಳಬೇಕಾದವನು ಬಳಕೆದಾರನೇ ಎಂಬ ಅಭಿಪ್ರಾಯಕ್ಕೆ ಬಂತು. ಖಾತೆ 45 ದಿನ ನಿಷ್ಕ್ರಿಯವಾಗಿದ್ದು ಬಳಿಕ ಬೇರೊಂದು ಸಾಧನದಲ್ಲಿ ತೆರೆದುಕೊಂಡರೆ ಹಳೆಯ ಮಾಹಿತಿಯನ್ನು ಅಳಿಸಲಾಗುತ್ತದೆ ಎಂದು ವಾಟ್ಸ್‌ಆಪ್ ತಿಳಿಸಿತ್ತು. ಅಪರಿಚಿತ ಓದಲಾರ, ನಿಜ. ಆದರೆ ಸಿಮ್ ಕಳೆದುಕೊಂಡವನಿಗೂ ಅದು ದಕ್ಕುವುದಿಲ್ಲ.

ಗೂಗಲ್ ಕೂಡ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮನೆಯ ಯಜಮಾನ ತೀರಿಕೊಂಡು, ಅವರ ಫೋನ್ ಬೀರುವಿನಲ್ಲಿ ಉಳಿದುಹೋದ ಸಂಸಾರಗಳನ್ನು ನೆನೆದರೆ ಈ ಎರಡು ವರ್ಷ ಎಷ್ಟು ಚಿಕ್ಕ ಅವಧಿ ಎಂಬುದು ತಿಳಿಯುತ್ತದೆ. ಬ್ಯಾಂಕಿನಲ್ಲಿ ಸಾವಿರ ರೂಪಾಯಿಯ ಖಾತೆಗೂ ನಾಮಿನಿ ಬರೆಸುವ ನಾವು, ಮೂವತ್ತು ಸಾವಿರ ಚಿತ್ರಗಳಿರುವ ಖಾತೆಗೆ ಯಾರನ್ನೂ ಹೆಸರಿಸಿರುವುದಿಲ್ಲ.

ಕೀಲಿಯನ್ನು ಪೂರ್ತಿಯಾಗಿ ನಮ್ಮ ಕೈಗೇ ಕೊಡುವ ತಂತ್ರವೂ ಇದೆ. 2021ರಿಂದ ವಾಟ್ಸ್‌ಆಪ್ ಬ್ಯಾಕಪ್ಪನ್ನು ನಮ್ಮದೇ ಗುಪ್ತಪದದಿಂದ, ಇಲ್ಲವೇ 64 ಅಂಕಿಅಕ್ಷರಗಳ ಕೀಲಿಯಿಂದ ಬೀಗ ಹಾಕಿಡಬಹುದು. ಆಗ ಕಂಪನಿಗೂ ಅದನ್ನು ಓದಲಾಗದು. ಆಪಲ್ 2022ರಲ್ಲಿ ಇಂಥದೇ ವ್ಯವಸ್ಥೆ ತಂದಿತು. 2025ರಲ್ಲಿ ಬ್ರಿಟನ್ ಸರ್ಕಾರದ ಒತ್ತಡಕ್ಕೆ ಸಿಕ್ಕಿ ಆ ದೇಶದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇಲ್ಲಿನ ಷರತ್ತು ಕಠಿಣ: ಕೀಲಿ ಮರೆತವನಿಗೆ ಯಾವ ಕಂಪನಿಯೂ ಬಾಗಿಲು ತೆರೆದುಕೊಡಲಾರದು. ಗುಟ್ಟು ಹೆಚ್ಚಿದಷ್ಟೂ ಜವಾಬ್ದಾರಿಯೂ ಹೆಚ್ಚು. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುವ ಮನೆಗಳಿಗೆ ಇದು ಒಗ್ಗುವುದು ಸುಲಭವಲ್ಲ.

ಮನೆಯಲ್ಲೇ ಮೋಡ?

ಹಾಗಾದರೆ ಕ್ಲೌಡನ್ನು ಮನೆಯಲ್ಲೇ ಇಟ್ಟುಕೊಂಡರೆ ಹೇಗೆ? ತಂತ್ರಾಂಶವೇನೋ ಸಿದ್ಧವಿದೆ. ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ ಓನ್‌ಕ್ಲೌಡ್ ಅನ್ನೂ 2016ರಲ್ಲಿ ನೆಕ್ಸ್ಟ್‌ಕ್ಲೌಡ್ ಅನ್ನೂ ಆರಂಭಿಸಿದರು; ಎರಡೂ ಮುಕ್ತ ತಂತ್ರಾಂಶಗಳು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಡಿಸ್ಕ್ ಒಂದನ್ನು ಜೋಡಿಸಿ ನೆಕ್ಸ್ಟ್‌ಕ್ಲೌಡ್ ಹಾಕಿದರೆ ಮನೆಯ ಮೂಲೆಯಲ್ಲೇ ಸ್ವಂತ ಕ್ಲೌಡ್ ಸಿದ್ಧ. ಬೆಂಗಳೂರಿನ ಉತ್ಸಾಹಿ ತಂತ್ರಜ್ಞರಲ್ಲಿ ಇದಕ್ಕೆ ಅಭಿಮಾನಿಗಳುಂಟು.

ಹಳ್ಳಿಗೆ, ಅಷ್ಟೇ ಏಕೆ ನಗರದ ಸಾಮಾನ್ಯ ಮನೆಗೂ, ಇದು ಕೂಡಲೇ ಬರಲಾರದು. ವಿದ್ಯುತ್ ಕಡಿತ, ಸಿಡಿಲು, ಹಾಳಾಗುವ ಡಿಸ್ಕ್ ಇವು ಒಂದು ಕಡೆ. ಇನ್ನೊಂದು ಅಡ್ಡಿ ಮೇಲ್ನೋಟಕ್ಕೆ ಕಾಣದು. ನಮ್ಮ ಹೆಚ್ಚಿನ ಅಂತರ್ಜಾಲ ಸಂಪರ್ಕಗಳಲ್ಲಿ ನೂರಾರು ಗ್ರಾಹಕರಿಗೆ ಸೇರಿ ಒಂದೇ ಸಾರ್ವಜನಿಕ ವಿಳಾಸವಿರುತ್ತದೆ. ಹಳೆಯ ಬೆಂಗಳೂರಿನ ವಠಾರವನ್ನು ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಒಳಗೆ ಹತ್ತಾರು ಮನೆಗಳು. ಒಳಗಿನವರು ಹೊರಗೆ ಹೋಗಿಬರುವುದು ಸುಲಭ. ಹೊರಗಿನಿಂದ ಬಂದವನಿಗೆ ಯಾವ ಮನೆಯ ಕದ ತಟ್ಟಬೇಕೆಂದು ತಿಳಿಯದು. ಹಾಗಾಗಿ ಊರಿನ ಮನೆಯಲ್ಲಿಟ್ಟ ಸರ್ವರನ್ನು ಮೈಸೂರಿನಲ್ಲಿರುವ ಮಗ ನೇರವಾಗಿ ತಲುಪಲಾರ. ನಡುವೆ ಮತ್ತೊಬ್ಬ ಮಧ್ಯವರ್ತಿಯ ಸೇವೆ ಬೇಕು. ಐಪಿವಿ6 ಎಂಬ ಹೊಸ ವಿಳಾಸಪದ್ಧತಿ ಭಾರತದಲ್ಲಿ ಚುರುಕಾಗಿ ಹರಡುತ್ತಿರುವುದರಿಂದ ಈ ತೊಡಕು ಮುಂದೆ ಕಡಿಮೆಯಾದೀತು.

ಆದ್ದರಿಂದ ಮನೆಮನೆಗೂ ಸರ್ವರ್ ಬರುತ್ತದೆಂಬ ಮಾತನ್ನು ಸದ್ಯಕ್ಕೆ ನಂಬಬೇಕಿಲ್ಲ. ಮನೆಮನೆಗೂ ಒಂದು ಪ್ರತಿ ಮರಳುವುದು ಮಾತ್ರ ಸಾಧ್ಯ, ಅಗತ್ಯ. ವರ್ಷಕ್ಕೆರಡು ಬಾರಿ ಎಲ್ಲ ಚಿತ್ರಗಳನ್ನೂ ಹೊರಗಿನ ಡಿಸ್ಕಿಗೆ ಇಳಿಸಿಡುವುದರಲ್ಲಿ ತಂತ್ರಜ್ಞಾನದ ಮೆರುಗೇನಿಲ್ಲ. ಆದರೂ ಕೊರಿಯಾ ಸರ್ಕಾರ ಮಾಡದೆ ಬಿಟ್ಟದ್ದು ಅದನ್ನೇ.

ಲೆಕ್ಕ ಮಾಡುವ ಮೋಡ

ಮುಂದಿನ ಹಂತದಲ್ಲಿ ಕಡತವಷ್ಟೇ ಅಲ್ಲ, ಕಂಪ್ಯೂಟರೇ ಕ್ಲೌಡ್‌ನಲ್ಲಿರಲಿದೆ. 2025ರಲ್ಲಿ ಬಂದ ಜಿಯೋಪಿಸಿ ಅಂಥದು: ಟಿವಿಯ ಸೆಟ್‌ಟಾಪ್ ಪೆಟ್ಟಿಗೆಗೆ ಕೀಲಿಮಣೆ, ಮೌಸ್ ಜೋಡಿಸಿದರೆ ಸಾಕು, ಲೆಕ್ಕಾಚಾರವೆಲ್ಲ ದೂರದ ಯಂತ್ರದಲ್ಲಿ ನಡೆಯುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯದ ಕಿಯೋನಿಕ್ಸ್ ಸಂಸ್ಥೆ ಇದಕ್ಕೆ ವಿರುದ್ಧ ದಿಕ್ಕಿನ ಯಂತ್ರವೊಂದನ್ನು ಮುಂದಿಟ್ಟಿತು. 18,999 ರೂಪಾಯಿ ಬೆಲೆಯ ‘ಕಿಯೋ’ ಮುಕ್ತ ತಂತ್ರಾಂಶದ ಮೇಲೆ ನಡೆಯುವ ಪುಟ್ಟ ಕಂಪ್ಯೂಟರ್. ಅಂತರ್ಜಾಲವಿಲ್ಲದೆಯೂ ಕೃತಕ ಬುದ್ಧಿಮತ್ತೆಯ ಒಂದಿಷ್ಟು ಕೆಲಸ ಮಾಡುವಂತೆ ರೂಪಿಸಿದ್ದು. ಸಿಂಪ್ಯೂಟರಿನ ಊರಿನಲ್ಲಿ ಇಂಥ ಪ್ರಯತ್ನ ಮತ್ತೆ ನಡೆದಿರುವುದು ಸಂತೋಷದ ಸಂಗತಿ. ಅದು ಎಷ್ಟು ಶಾಲೆಗಳನ್ನು, ಎಷ್ಟು ಮನೆಗಳನ್ನು ತಲುಪುತ್ತದೆಂಬುದರ ಮೇಲೆ ಅದರ ಯಶಸ್ಸು ನಿಂತಿದೆ.

ಕೃತಕ ಬುದ್ಧಿಮತ್ತೆಯ ಕಾರಣದಿಂದ ಈ ಎರಡು ದಾರಿಗಳ ನಡುವಣ ಆಯ್ಕೆಗೆ ಮಹತ್ವ ಬಂದಿದೆ. ‘ಅಜ್ಜಿ ಇರುವ ಚಿತ್ರಗಳನ್ನೆಲ್ಲ ತೋರಿಸು’ ಎಂದರೆ ತೋರಿಸುವ ಯಂತ್ರ, ಅಜ್ಜಿಯ ಮುಖವನ್ನು ಗುರುತಿಟ್ಟುಕೊಂಡಿರಲೇಬೇಕು. ಆ ಗುರುತು ನಮ್ಮ ಫೋನಿನಲ್ಲಿರುವುದೋ ಕಂಪನಿಯ ಯಂತ್ರದಲ್ಲಿರುವುದೋ? ಫೋನುಗಳ ಶಕ್ತಿ ಹೆಚ್ಚುತ್ತಿರುವುದರಿಂದ ಇಂಥ ಕೆಲಸಗಳು ಹೆಚ್ಚುಹೆಚ್ಚಾಗಿ ಫೋನಿನಲ್ಲೇ ನಡೆಯಲಿವೆ. ದೊಡ್ಡ ಕೆಲಸಗಳಿಗೆ ಕ್ಲೌಡ್ ಬೇಕೇಬೇಕು. ಸಾಮಾನ್ಯನ ಕಂಪ್ಯೂಟಿಂಗ್ ಹೀಗೆ ಎರಡು ಕಾಲಿನ ಮೇಲೆ ನಿಲ್ಲುವ ಲಕ್ಷಣಗಳಿವೆ.

ಕಾನೂನೂ ನಿಧಾನವಾಗಿ ಹಿಂಬಾಲಿಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಪ್ರಕರಣವು, ತನ್ನ ಮರಣಾನಂತರ ಅಥವಾ ತಾನು ಅಶಕ್ತನಾದಾಗ ತನ್ನ ದತ್ತಾಂಶದ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶವನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಕಂಪನಿಗಳ ಪ್ರಮುಖ ಹೊಣೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಪಹಣಿಗೆ ವಾರಸುದಾರನಿರುವಂತೆ ಪಾಸ್‌ವರ್ಡಿಗೂ ವಾರಸುದಾರನಿರಬೇಕೆಂದು ಶಾಸನ ಹೇಳಿದೆ.

ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ. ಗೂಗಲ್ ಖಾತೆಯ ಸೆಟ್ಟಿಂಗ್‌ಗಳಲ್ಲಿ ನಿಷ್ಕ್ರಿಯ ಖಾತೆಯ ನಿರ್ವಹಣೆ ಎಂಬ ಸೌಲಭ್ಯ 2013ರಿಂದಲೂ ಇದೆ. ಇಂತಿಷ್ಟು ತಿಂಗಳು ಖಾತೆ ಬಳಕೆಯಾಗದಿದ್ದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ಅಲ್ಲಿ ನಮೂದಿಸಬಹುದು. ಆಪಲ್ ಫೋನುಗಳಲ್ಲಿ 2021ರ ಕೊನೆಯಿಂದ ವಾರಸುದಾರರ ಹೆಸರು ಸೇರಿಸುವ ಅವಕಾಶವಿದೆ. ಎರಡಕ್ಕೂ ಹಣ ಕೊಡಬೇಕಿಲ್ಲ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲೇ ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡು, ಮರುಪಡೆಯುವ ಸಂಕೇತಗಳನ್ನು ಮುದ್ರಿಸಿ, ಹಳೆಯ ಕೈಬರಹದ ಪಹಣಿ ಇರುವ ಅದೇ ಟ್ರಂಕಿನಲ್ಲಿ ಇಡಬಹುದು.